17ನೇ ಶತಮಾನದ ಇಂಗ್ಲೆಂಡಿನಲ್ಲಿ ಉಯಿಲನ್ನು ರುಜುವಾತುಪಡಿಸುತ್ತಿದ್ದುದು ಹೇಗೆ?

ಚರಾಸ್ತಿಯ ಉಯಿಲಿಗೆ ಪ್ರೊಬೇಟ್ (ಉಯಿಲು ಸಾಚಾ ಎಂಬ ನ್ಯಾಯಾಲಯದ ದೃಢೀಕರಣ) ಕೊಡುವ ಅಧಿಕಾರ ಆಗ ಬಹುಮಟ್ಟಿಗೆ ರಾಜನ ನ್ಯಾಯಾಲಯಗಳದ್ದಲ್ಲ, ಚರ್ಚಿನ ನ್ಯಾಯಾಲಯಗಳದ್ದಾಗಿತ್ತು. ಷೇಕ್ಸ್‌ಪಿಯರನ ಉಯಿಲನ್ನು ಅವನ ಅಳಿಯ ಜಾನ್ ಹಾಲ್ 1616ರ ಜೂನ್ 22ರಂದು ರುಜುವಾತುಪಡಿಸಿದ್ದು ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಪ್ರೆರೊಗೆಟಿವ್ ಕೋರ್ಟಿನಲ್ಲಿಯೇ. ತಕರಾರಿಲ್ಲದಿದ್ದರೆ ಸಾಮಾನ್ಯವಾಗಿ ಉಯಿಲಿನ ನಿರ್ವಾಹಕನ ಪ್ರಮಾಣವೇ ಸಾಕಾಗುತ್ತಿತ್ತು; ವಾರಸುದಾರರು ಆಕ್ಷೇಪಿಸಿದರೆ ಅವರನ್ನು ಕರೆಸಿ, ಸಾಕ್ಷಿಗಳನ್ನು ವಿಚಾರಿಸಿ, ಅವರ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದರು.

ನಿಜವಾದ ತೊಡಕಿದ್ದದ್ದು ಬಾಯಿಮಾತಿನ ಉಯಿಲಿನಲ್ಲಿ, ಏಕೆಂದರೆ ಅಲ್ಲಿ ಎಲ್ಲವೂ ಮರಣಶಯ್ಯೆಯ ಪಕ್ಕದಲ್ಲಿದ್ದವರ ನೆನಪನ್ನೇ (ಅವರ ಪ್ರಾಮಾಣಿಕತೆಯನ್ನೂ ಎನ್ನಿ) ನೆಚ್ಚಿಕೊಂಡಿತ್ತು. ಆದ್ದರಿಂದ 1677ರ ಕಾಯಿದೆಯು 30 ಪೌಂಡಿಗೆ ಮೀರಿದ ಸ್ವತ್ತಿನ ಇಂಥ ಉಯಿಲಿಗೆ ಮೂವರು ಸಾಕ್ಷಿಗಳನ್ನು ಕಡ್ಡಾಯಗೊಳಿಸಿತು. ಆಡಿದ ಮಾತನ್ನು ಆರು ದಿನಗಳೊಳಗೆ ಬರಹಕ್ಕಿಳಿಸದಿದ್ದರೆ, ಆರು ತಿಂಗಳ ನಂತರ ಸಾಕ್ಷ್ಯವನ್ನು ಸ್ವೀಕರಿಸುವಂತಿರಲಿಲ್ಲ. ಚರ್ಚಿನ ಈ ಅಧಿಕಾರ ಕೊನೆಗೊಂಡದ್ದು 1858ರಲ್ಲಿ.