ಸೌಹಾರ್ದ ಇತ್ತು ನಿಜ, ಹಕ್ಕು ಇತ್ತಾ?

ಹುಮನಾಬಾದ್ ಕಡೆಯ ನಿವೃತ್ತ ಮಾಸ್ತರರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಸೆಪ್ಟೆಂಬರ್ ಸಂಚಿಕೆಯಲ್ಲಿ ನಾವು ಎರಡು ಲೇಖನ ಹಾಕಿದ್ದೆವು. ಒಂದು, 1948ರಲ್ಲಿ ನಿಜಾಮನ ಪರದ ಖಾಸಗಿ ಪಡೆಯಾದ ರಜಾಕಾರರು ನಡೆಸಿದ ಗೋರಟಾ ಹತ್ಯಾಕಾಂಡದ ಮೇಲೆ. ಇನ್ನೊಂದು, ಅದೇ ವರ್ಷ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ವಶಕ್ಕೆ ತೆಗೆದುಕೊಂಡ ಪೊಲೀಸ್ ಆಕ್ಷನ್ನಿನ ನಂತರ ನಡೆದ ಮುಸ್ಲಿಮರ ಹತ್ಯೆಗಳ ಬಗ್ಗೆ ಸುಂದರಲಾಲ್ ಸಮಿತಿ ಕೊಟ್ಟ ವರದಿಯ ಮೇಲೆ. ಅವರಿಗೆ ಎರಡೂ ಹಿಡಿಸಿಲ್ಲ. ಅವರ ಮಾತಿನ ಸಾರ ಹೀಗಿದೆ: "ಸನ್ನತಿಯ ಅಶೋಕನಿಂದ ಹಿಡಿದು ಸೂಫಿ ಸಂತ ಬಂದೇನವಾಜರವರೆಗೆ ನಮ್ಮದು ಸೌಹಾರ್ದದ ನೆಲ. ಇಲ್ಲಿ ಧರ್ಮದ ಹೆಸರಲ್ಲಿ ದಬ್ಬಾಳಿಕೆ ನಡೆದದ್ದು ಬರೀ ನಾಲ್ಕು ದಿನದ ರಜಾಕಾರರ ಹಾವಳಿ. ಅದನ್ನೂ ಪೊಲೀಸ್ ಆಕ್ಷನ್ ನಂತರದ ಗಲಾಟೆಯನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ಈಗ ಯಾರಿಗೂ ತೊಂದರೆ ಇಲ್ಲ, ಸುಮ್ನೆ ಹಳೆ ಗಾಯ ಕೆರೆಯುತ್ತೀರಿ." ಕೊನೆಗೆ ಒಂದು ಸಾಲು ಸೇರಿಸಿದ್ದಾರೆ. ಅವರ ತಂದೆ 1939ರಲ್ಲಿ ಆರ್ಯ ಸಮಾಜದ ಸತ್ಯಾಗ್ರಹಕ್ಕೆ ಸೇರಿ ಕಲಬುರಗಿ ಜೈಲಿನಲ್ಲಿದ್ದರಂತೆ.

ಮಾಸ್ತರರೇ, ಈ ಕೊನೆಯ ಸಾಲಿನ ಕಾರಣಕ್ಕೇ ಉತ್ತರ ಉದ್ದವಾಗುತ್ತಿದೆ.

ಸೌಹಾರ್ದದ ಬಗ್ಗೆ ನನಗೆ ತಕರಾರಿಲ್ಲ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ ಇದೆ. ಅವನ ಉರುಸಿಗೆ ಮಾಡಿಯಾಳದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ. ಅವನನ್ನು ಅಲ್ಲಮಪ್ರಭು ಎಂದೇ ನಂಬಿ ಕಾಯಿ ಒಡೆಯುವವರಿದ್ದಾರೆ. ಇದನ್ನು ಯಾರೂ ಭಾಷಣ ಮಾಡಿ ಕಲಿಸಿದ್ದಲ್ಲ. ಆದರೆ ಒಬ್ಬರ ದೇವರಿಗೆ ಇನ್ನೊಬ್ಬರು ಕೈಮುಗಿಯುವುದು ಬೇರೆ. ಒಬ್ಬ ಮನುಷ್ಯ ತನ್ನ ಮನಸ್ಸಿಗೆ ಬಂದಂತೆ ನಂಬಬಹುದು, ಬಿಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ ಎನ್ನುವುದು ಬೇರೆ. ಮೊದಲನೆಯದು ನಮ್ಮಲ್ಲಿ ಧಾರಾಳವಾಗಿತ್ತು. ಎರಡನೆಯದಕ್ಕೆ ಜನ ರಕ್ತ ಕೊಟ್ಟಿದ್ದಾರೆ.

ಸನ್ನತಿಯನ್ನೇ ನೋಡಿ. ಅಲ್ಲಿ ಸಿಕ್ಕ ಕಲ್ಲಿನಲ್ಲಿ ಅಶೋಕನ 12ನೇ ಶಾಸನದ ಭಾಗವೂ ಇದೆ. ತನ್ನ ಪಂಥವನ್ನು ಮೆರೆಸಲು ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎನ್ನುವ ಶಾಸನ ಅದು. ಸಿಕ್ಕಾಗ ಆ ಕಲ್ಲು ಚಂದ್ರಲಾಂಬಾ ಗುಡಿಯ ಆವರಣದಲ್ಲಿ ದೇವಿಯ ಪೀಠವಾಗಿತ್ತು, ಮೂರ್ತಿ ಕೂರಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ದ್ವೇಷದಿಂದಲ್ಲ, ಆ ಲಿಪಿ ಓದುವವರೇ ಉಳಿದಿರಲಿಲ್ಲ. ಅಶೋಕನದು ದೊಡ್ಡ ಮಾತು, ಒಪ್ಪಿದೆ. ಆದರೆ ಅದು ರಾಜನ ಬುದ್ಧಿಮಾತು. ರಾಜ ಬದಲಾದರೆ?

ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ನಿಮ್ಮ ಊರಿನಿಂದ ಕಲ್ಯಾಣ ದೂರವಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ದೊರೆ ಬಿಜ್ಜಳ ಹರಳಯ್ಯ, ಮಧುವರಸರನ್ನು ಎಳೆಹೂಟೆಗೆ, ಅಂದರೆ ಕಟ್ಟಿ ಎಳೆಸಿ ಕೊಲ್ಲುವ ಶಿಕ್ಷೆಗೆ, ಹಾಕಿಸಿದ ಎಂದು ಶರಣ ಪರಂಪರೆ ಹೇಳುತ್ತದೆ. ಶರಣರು ಚೆದುರಿದರು. ಚನ್ನಬಸವಣ್ಣ ವಚನದ ಕಟ್ಟುಗಳೊಂದಿಗೆ ಉಳವಿಯ ಕಾಡು ಸೇರಿದರು. ಬಸವಣ್ಣ ಭಂಡಾರಿಯಾಗಿದ್ದದ್ದು ಅದೇ ಬಿಜ್ಜಳನ ಆಸ್ಥಾನದಲ್ಲಿ. ದೊರೆಯ ಮನಸ್ಸು ನೆಟ್ಟಗಿರುವ ತನಕ ಅನುಭವ ಮಂಟಪ ನಡೆಯಿತು, ಅಷ್ಟೇ.

ಈಗ ನಿಮ್ಮ ತಂದೆಯವರ ವಿಷಯ. ನಿಜಾಮ ಸರ್ಕಾರ ಗುಡಿ, ಮಠಗಳಿಗೆ ಇನಾಮು ಕೊಟ್ಟಿತ್ತು. ಅದನ್ನು ಮರೆಸಿ ಬರೆಯುವುದು ಸರಿಯಲ್ಲ. ಆದರೆ ಹೊಸ ಗುಡಿ ಕಟ್ಟಲು, ಹವನಕುಂಡ ಹಾಕಲು, ಮೆರವಣಿಗೆ ತೆಗೆಯಲು, ಹೊರಗಿನ ಉಪದೇಶಕರನ್ನು ಕರೆಸಲು ಅನುಮತಿ ಬೇಕಿತ್ತು. ಧಾರ್ಮಿಕ ವ್ಯವಹಾರಕ್ಕೆಂದೇ ಉಮೂರೆ ಮಜಹಬಿ ಎಂಬ ಇಲಾಖೆ ಇತ್ತು. ಅರ್ಜಿ ಹಾಕಿ ಕಾಯುತ್ತಾ ಕೂರಬೇಕು. ಬೇಡ ಅನ್ನುವುದಕ್ಕಿಂತ ಉತ್ತರ ಕೊಡದೇ ಇರುವುದು ಸುಲಭ, ಅಲ್ವಾ? 1938ರ ಡಿಸೆಂಬರಿನಲ್ಲಿ ಸೊಲ್ಲಾಪುರದಲ್ಲಿ ಆರ್ಯರ ಸಮ್ಮೇಳನ ನಡೆದು ಸತ್ಯಾಗ್ರಹದ ತೀರ್ಮಾನವಾಯಿತು. ಮುಂದಿನ ವರ್ಷ ಜತ್ಥಾಗಳು, ಅಂದರೆ ಸತ್ಯಾಗ್ರಹಿಗಳ ತಂಡಗಳು, ಒಂದರ ಹಿಂದೆ ಒಂದು ಬಂದವು. ಸತ್ಯಾಗ್ರಹದ ಮುಂದಾಳು ಮಹಾತ್ಮ ನಾರಾಯಣ ಸ್ವಾಮಿಯವರನ್ನು ಕಲಬುರಗಿಯಲ್ಲೇ ಬಂಧಿಸಿದರು. ಸರ್ಕಾರ ಸುಧಾರಣೆಗಳನ್ನು ಘೋಷಿಸಿದ ಮೇಲೆ ಆಗಸ್ಟಿನಲ್ಲಿ ಸತ್ಯಾಗ್ರಹ ನಿಂತಿತು. ಹಾಗಾದರೆ ನಿಮ್ಮ ತಂದೆ ಜೈಲಿಗೆ ಹೋದದ್ದು ರಜಾಕಾರರ ಹಾವಳಿ ಶುರುವಾಗುವ ಎಷ್ಟೋ ವರ್ಷ ಮೊದಲು. "ನಾಲ್ಕು ದಿನದ ಹಾವಳಿ" ಎನ್ನುವ ನಿಮ್ಮ ಲೆಕ್ಕಕ್ಕೆ ನಿಮ್ಮ ಮನೆಯಲ್ಲೇ ವಿರುದ್ಧ ಸಾಕ್ಷಿ ಇದೆ.

ತಕ್ಕಡಿಯ ಪ್ರಶ್ನೆಗೆ ಬರುತ್ತೇನೆ. 1948ರ ಮೇನಲ್ಲಿ ಗೋರಟಾ ಊರಿಗೆ ನುಗ್ಗಿ ಕೊಂದವರು ಆಯುಧ ಹಿಡಿದ ಖಾಸಗಿ ಪಡೆಯವರು. ನಿಜಾಮ ಸರ್ಕಾರ ಅವರನ್ನು ತಡೆಯಲಿಲ್ಲ. ಸೆಪ್ಟೆಂಬರ್ 17ರ ನಂತರ ಹಳ್ಳಿಗಳಲ್ಲಿ ಮುಸ್ಲಿಮರನ್ನು ಕೊಂದದ್ದಕ್ಕೆ ರಜಾಕಾರರ ಮೇಲಿನ ಸಿಟ್ಟು ದೊಡ್ಡ ಕಾರಣ. ಇದನ್ನು ಸುಂದರಲಾಲ್ ವರದಿಯೂ ಹೇಳುತ್ತದೆ, ನಮ್ಮ ಲೇಖನವೂ ಹೇಳಿತ್ತು. ಆದರೆ ಸತ್ತವರಲ್ಲಿ ರಜಾಕಾರರೇ ಎಷ್ಟು ಮಂದಿ? ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತರೆಂದು ಸಮಿತಿ ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡದ ಜೊತೆ ನಮ್ಮ ಕಲಬುರಗಿ, ಬೀದರ್ ಸೇರಿವೆ. ಯಾದಗಿರಿ ಆಗ ಕಲಬುರಗಿಯೊಳಗೇ ಇತ್ತು. ಬಲವಂತದ ಮತಾಂತರ, ಹೆಂಗಸರ ಅಪಹರಣ, ಹೊಲಮನೆ ಕಬಳಿಕೆ ಎಲ್ಲವೂ ಅದರಲ್ಲಿವೆ. ಸಮಿತಿಯನ್ನು ಕಳುಹಿಸಿದ್ದು ನೆಹರೂ ಸರ್ಕಾರ. ಆಮೇಲೆ ವರದಿಯನ್ನು ದಶಕಗಳ ಕಾಲ ಹೊರಗೆ ಬಿಡದೆ ಇಟ್ಟುಕೊಂಡದ್ದೂ ಸರ್ಕಾರವೇ.

ನನ್ನ ಕಸುಬಿನವನೊಬ್ಬನ ಹೆಸರು ಇಲ್ಲಿ ಹೇಳಲೇಬೇಕು. ಶೋಯೆಬುಲ್ಲಾ ಖಾನ್, ಹೈದರಾಬಾದಿನ 'ಇಮ್ರೋಜ್' ಉರ್ದು ಪತ್ರಿಕೆಯ ಸಂಪಾದಕ. ರಜಾಕಾರರ ವಿರುದ್ಧ ಬರೆದ, ಸಂಸ್ಥಾನ ಭಾರತ ಸೇರಲಿ ಎಂದ. 1948ರ ಆಗಸ್ಟಿನಲ್ಲಿ ಅವನನ್ನು ಬೀದಿಯಲ್ಲಿ ಕೊಂದರು, ಕೈ ಕತ್ತರಿಸಿದರು. ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರಿಗೆ ಅಡ್ಡ ನಿಂತರು, ಜೀವವನ್ನೂ ಕಳೆದುಕೊಂಡರು. ನಿಮ್ಮ ತಕ್ಕಡಿಯಲ್ಲಿ ಇವರನ್ನು ಯಾವ ತಟ್ಟೆಗೆ ಹಾಕುತ್ತೀರಿ?

ಆ ಸಮಿತಿ ನಮ್ಮ ಕಡೆ ಓಡಾಡಿದ್ದು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರ ಒಳಗೆ. ಅದೇ ಡಿಸೆಂಬರಿನ ಮೊದಲ ವಾರದಲ್ಲಿ ದೆಹಲಿಯ ಸಂವಿಧಾನ ಸಭೆಯಲ್ಲಿ ಧರ್ಮ ಸ್ವಾತಂತ್ರ್ಯದ ಈಗಿನ 25ನೇ ವಿಧಿಯ ಚರ್ಚೆ ನಡೆಯಿತು. ಧರ್ಮ ಪ್ರಚಾರದ ಹಕ್ಕು ಬೇಡ ಎಂದು ಲೋಕನಾಥ ಮಿಶ್ರಾ ವಾದಿಸಿದರು. ಧರ್ಮಾಚರಣೆ ಖಾಸಗಿಯಾಗಿರಲಿ ಎಂದರು ತಜಮುಲ್ ಹುಸೇನ್. ಸಭೆ ಎರಡನ್ನೂ ಒಪ್ಪಲಿಲ್ಲ. ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಹೊರಡಿಸಿತು. ಧರ್ಮ ಬದಲಿಸುವ ಸ್ವಾತಂತ್ರ್ಯ ಅದರ 18ನೇ ವಿಧಿಯಲ್ಲಿದೆ. ಇಷ್ಟು ಹೊತ್ತಿಗೆ ಬೀದರಿನ ಹಳ್ಳಿಗಳಲ್ಲಿ ವಿಧವೆಯರು ಇನ್ನೂ ಗಂಡಂದಿರನ್ನು ಹುಡುಕುತ್ತಿದ್ದರು. ಎರಡೂ ಲೇಖನ ಒಂದೇ ಸಂಚಿಕೆಯಲ್ಲಿ ಬರಲಿ ಎಂದು ನಾನು ಹಟ ಹಿಡಿದದ್ದಕ್ಕೆ ಕಾರಣ ಈ ಡಿಸೆಂಬರ್.

"ಈಗ ಯಾರಿಗೂ ತೊಂದರೆ ಇಲ್ಲ" ಎಂದಿರಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾನೂನು ನೆನಪಿದೆಯಾ? ಧರ್ಮ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅವರು ಅದನ್ನು ನೋಟಿಸ್ ಬೋರ್ಡಿಗೆ ಹಚ್ಚಿ ಆಕ್ಷೇಪಣೆ ಕೇಳಬೇಕು. 2023ರ ಮೇನಲ್ಲಿ ಬಂದ ಹೊಸ ಸಂಪುಟ ಜೂನ್‌ನಲ್ಲಿ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಬಲವಂತದ ಮತಾಂತರ ಅಪರಾಧವೇ, 1948ರ ಆ ಪುಟಗಳನ್ನು ಓದಿದವರಿಗೆ ಅನುಮಾನ ಉಳಿಯುವುದಿಲ್ಲ. ಬಲವಂತ ಮಾಡಿದವನನ್ನು ಹಿಡಿಯಿರಿ. ಆದರೆ ತಾನಾಗಿ ಹೊರಟವನ ಹೆಸರು ಬೋರ್ಡಿಗೆ ಯಾಕೆ? 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಜೊತೆ ಲಕ್ಷಾಂತರ ಜನ ಬೌದ್ಧರಾದರು. ಒಬ್ಬೊಬ್ಬರ ಹೆಸರನ್ನೂ ಹಚ್ಚಿ ಊರ ಗೌಡರ ಆಕ್ಷೇಪಣೆ ಕೇಳಿದ್ದರೆ ಕಲಬುರಗಿಯಲ್ಲಿ ಇವತ್ತು ಅಷ್ಟು ದೊಡ್ಡ ಬುದ್ಧ ವಿಹಾರ ಎದ್ದು ನಿಲ್ಲುತ್ತಿತ್ತಾ, ಹೇಳಿ. ಉಮೂರೆ ಮಜಹಬಿಯ ಅರ್ಜಿಗೂ ಈ ಬೋರ್ಡಿಗೂ ನನಗೆ ಜಾಸ್ತಿ ಅಂತರ ಕಾಣುವುದಿಲ್ಲ. ನಿಮ್ಮ ತಂದೆಯವರಿಗೂ ಕಾಣುತ್ತಿರಲಿಲ್ಲ ಅನಿಸುತ್ತದೆ.

ನಿಮ್ಮ ಪತ್ರವನ್ನು ಒಂದಕ್ಷರ ಕತ್ತರಿಸದೆ ಇದೇ ಸಂಚಿಕೆಯಲ್ಲಿ ಹಾಕಿದ್ದೇವೆ. ಜನವರಿ ಸಂಚಿಕೆಗೆ 1939ರ ಸತ್ಯಾಗ್ರಹದ ಬಗ್ಗೆ ಬರೆಸುತ್ತಿದ್ದೇವೆ. ನಿಮ್ಮ ತಂದೆಯವರ ಜೈಲಿನ ಕಾಗದ, ಫೋಟೋ ಏನಾದರೂ ಉಳಿದಿದ್ದರೆ ಡಿಸೆಂಬರ್ ಹತ್ತರೊಳಗೆ ಕಳಿಸಿ, ಕೆಲಸ ಮುಗಿದ ಮೇಲೆ ರಿಜಿಸ್ಟರ್ ಪೋಸ್ಟಿನಲ್ಲಿ ವಾಪಸ್ ಮಾಡುತ್ತೇವೆ. ಉರ್ದುವಿನಲ್ಲಿದ್ದರೂ ಚಿಂತೆಯಿಲ್ಲ, ಓದುವವರು ನಮ್ಮ ಕಚೇರಿಯಲ್ಲಿದ್ದಾರೆ.