ಓದುಗರ ಪ್ರಶ್ನೆ: ಈ ಸಲ ಪೂರ್ತಿ ಶ್ನಿಟ್ಸ್ಲರ್

ಹೋದ ಸಂಚಿಕೆಯಲ್ಲಿ ವಿಯೆನ್ನಾದ ಲೇಖಕ ಆರ್ಥರ್ ಶ್ನಿಟ್ಸ್ಲರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ. "ಅಂಥವನ ಬಗ್ಗೆ ಯಾಕೆ ಬರೆಯುತ್ತೀರಿ" ಅಂತ ಬೈದವರಿಗೆ ಬೇರೆ ಉತ್ತರ ಕೊಟ್ಟಿಲ್ಲ, ಇದರಲ್ಲೇ ಹುಡುಕಿಕೊಳ್ಳಿ.

*ಸ್ಟ್ಯಾನ್ಲಿ ಕುಬ್ರಿಕ್ ಅವರ 'ಐಸ್ ವೈಡ್ ಶಟ್' ನೋಡಿದೆ. ಮೂಲ ಕಥೆ ಶ್ನಿಟ್ಸ್ಲರ್ ಅವರದ್ದು ಅಂತ ಗೊತ್ತಾಯಿತು. ಪುಸ್ತಕವೂ ಬರೀ ಅಂಥದ್ದೇನಾ? ಮನೆಯಲ್ಲಿ ಇಟ್ಟುಕೊಂಡು ಓದಬಹುದಾ?* (ಸಾಗರದ ಓದುಗರು)

ಧಾರಾಳವಾಗಿ ಇಟ್ಟುಕೊಳ್ಳಿ. ಸಿನಿಮಾ ಬಂದದ್ದು 1999ರಲ್ಲಿ, ಕಥೆ ನ್ಯೂಯಾರ್ಕಿನದ್ದು. ಪುಸ್ತಕ 1926ರದ್ದು, ಇಂಗ್ಲಿಷಿನಲ್ಲಿ 'ಡ್ರೀಮ್ ಸ್ಟೋರಿ' ಅಂತ ಸಿಗುತ್ತದೆ, ಕಥೆ ನಡೆಯುವುದು ವಿಯೆನ್ನಾದಲ್ಲಿ. ಮುಖವಾಡ ಹಾಕಿಕೊಂಡವರ ಆ ಗುಟ್ಟಿನ ಬಂಗಲೆ ಎಲ್ಲರಿಗೂ ನೆನಪಿರುತ್ತದೆ. ಆದರೆ ಕಥೆಯ ಜೀವ ಇರುವುದು ಗಂಡ ಹೆಂಡತಿಯ ಮಾತಿನಲ್ಲಿ.

ಡಾಕ್ಟರ್ ಫ್ರಿಡೊಲಿನ್, ಹೆಂಡತಿ ಆಲ್ಬರ್ಟೀನ್, ಒಂದು ಪುಟ್ಟ ಮಗಳು. ಒಂದು ರಾತ್ರಿ ಮಾತಿಗೆ ಮಾತು ಬೆಳೆದು ಆಕೆ ಹೇಳುತ್ತಾಳೆ: ಹೋದ ಬೇಸಿಗೆಯಲ್ಲಿ ಡೆನ್ಮಾರ್ಕಿಗೆ ಹೋಗಿದ್ದಾಗ ಒಬ್ಬ ಅಧಿಕಾರಿಯನ್ನು ಕಂಡೆ, ಅವನು ಕರೆದಿದ್ದರೆ ನಿನ್ನನ್ನೂ ಮಗಳನ್ನೂ ಬಿಟ್ಟು ಹೋಗುತ್ತಿದ್ದೆನೇನೋ. ಅವನು ಕರೆಯಲಿಲ್ಲ, ಇವಳು ಹೋಗಲಿಲ್ಲ. ಅಷ್ಟೇ ವಿಷಯ. ಅಷ್ಟಕ್ಕೇ ಗಂಡನ ಕಾಲ ಕೆಳಗಿನ ನೆಲ ಜಾರುತ್ತದೆ, ರೋಗಿಯ ಮನೆಯಿಂದ ಕರೆ ಬಂತು ಅಂತ ಹೊರಗೆ ಹೋದವನು ರಾತ್ರಿಯೆಲ್ಲ ಊರು ಅಲೆಯುತ್ತಾನೆ, ಒಂದಾದ ಮೇಲೊಂದು ಹೆಂಗಸರನ್ನು ಭೇಟಿಯಾಗುತ್ತಾನೆ. ಎಲ್ಲವೂ ಶುರುವಾಗುತ್ತದೆ, ಯಾವುದೂ ಮುಗಿಯುವುದಿಲ್ಲ. ಬೆಳಗಿನ ಜಾವ ಮನೆಗೆ ಬಂದರೆ ಹೆಂಡತಿ ನಿದ್ದೆಯಲ್ಲಿ ನಗುತ್ತಿದ್ದಾಳೆ. ಎಬ್ಬಿಸಿ ಕೇಳಿದರೆ ಕನಸು ಹೇಳುತ್ತಾಳೆ. ಆ ಕನಸಿನಲ್ಲಿ ಅವಳು ಬೇರೆಯವನ ಜೊತೆ ಇದ್ದಾಳೆ, ಗಂಡನನ್ನು ಶಿಲುಬೆಗೆ ಏರಿಸಲು ಹೊರಟಿದ್ದಾರೆ, ಅವಳು ನಗುತ್ತಿದ್ದಾಳೆ.

ಈಗ ಯಾರು ಯಾರಿಗೆ ಮೋಸ ಮಾಡಿದರು? ಊರೆಲ್ಲ ಸುತ್ತಿ ಬಂದವನು ಅವನು. ಹಾಸಿಗೆ ಬಿಟ್ಟು ಏಳದವಳು ಇವಳು. ಆದರೂ ಗಾಯವಾದದ್ದು ತನಗೆ ಅಂತ ಅವನ ಲೆಕ್ಕ. ಆ ಲೆಕ್ಕ ಎಷ್ಟು ಹಾಸ್ಯಾಸ್ಪದ ಅಂತ ಶ್ನಿಟ್ಸ್ಲರ್ ಎಲ್ಲೂ ಹೇಳುವುದಿಲ್ಲ. ಸುಮ್ನೆ ಅವನ ತಲೆಯೊಳಗೆ ನಮ್ಮನ್ನು ಕೂರಿಸುತ್ತಾನೆ.

*ನಾನು ಗೃಹಿಣಿ. ಇದನ್ನು ಓದಿದ ಮೇಲೆ ನನಗೂ ಬಿದ್ದ ಒಂದು ಕನಸನ್ನು ನಮ್ಮ ಯಜಮಾನರಿಗೆ ಹೇಳಬೇಕು ಅನ್ನಿಸಿದೆ. ಹೇಳಲಾ?* (ಭದ್ರಾವತಿಯಿಂದ, ಹೆಸರು ಬೇಡ ಅಂದಿದ್ದಾರೆ)

ಅಮ್ಮಾ, ಈ ಅಂಕಣ ಪುಸ್ತಕದ್ದು, ಸಂಸಾರದ್ದು ಪಕ್ಕದ ಪುಟದಲ್ಲಿದೆ. ಆದರೂ ಕೇಳಿದ್ದೀರಿ. ಮೊದಲು ಅವರಿಗೂ ಪುಸ್ತಕ ಓದಲು ಕೊಡಿ. ಮುಗಿಸಿದ ಮೇಲೆ ಅವರು ಯಾರ ಪಕ್ಷ ಹಿಡಿಯುತ್ತಾರೆ ನೋಡಿ, ಆಮೇಲೆ ಯೋಚಿಸಿ.

*ಇವರೂ ಡಾಕ್ಟರ್, ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ಕೂಡ ಡಾಕ್ಟರ್, ಇಬ್ಬರೂ ಒಂದೇ ಊರಿನವರು. ಫ್ರಾಯ್ಡ್ ಹೇಳಿದ್ದನ್ನೇ ಇವರು ಕಥೆ ಮಾಡಿದರು ಅಂತ ನಮ್ಮ ಮೇಷ್ಟ್ರು ಹೇಳಿದರು. ಹೌದಾ?* (ಶಿವಮೊಗ್ಗದ ವೈದ್ಯಕೀಯ ವಿದ್ಯಾರ್ಥಿ)

ನಿಮ್ಮ ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇಲ್ಲ. ಶ್ನಿಟ್ಸ್ಲರ್ ಹುಟ್ಟಿದ್ದು 1862ರಲ್ಲಿ. ಅಪ್ಪ ವಿಯೆನ್ನಾದ ಹೆಸರಾಂತ ಗಂಟಲು ತಜ್ಞ. ಮಗನೂ 1885ರಲ್ಲಿ ಡಾಕ್ಟರ್ ಆದ. ನಿಮಗೆ ಇಷ್ಟವಾಗುವ ವಿಷಯ ಒಂದಿದೆ. ಗಂಟಲಿನಲ್ಲಿ ಏನೂ ಕೆಟ್ಟಿಲ್ಲ, ಆದರೂ ದನಿ ಹೋಗಿದೆ, ಇಂಥ ರೋಗಿಗಳನ್ನು ಹಿಪ್ನಾಟಿಸಂನಿಂದ ಗುಣ ಮಾಡುವ ಬಗ್ಗೆ ಈತ 1889ರಲ್ಲೇ ಒಂದು ವೈದ್ಯಕೀಯ ಲೇಖನ ಬರೆದಿದ್ದ. ಫ್ರಾಯ್ಡ್ ಕನಸಿನ ಪುಸ್ತಕ ಬರುವುದಕ್ಕೆ ಹತ್ತು ವರ್ಷ ಮೊದಲು! ಆ ಪುಸ್ತಕ ಬಂದಾಗ ಓದಿದ ಅನ್ನುವುದೂ ನಿಜ. ಹದಿಹರೆಯದಿಂದ ಸಾಯುವವರೆಗೂ ಡೈರಿ ಬರೆದವನು, ಅದರಲ್ಲಿ ತನ್ನ ಕನಸುಗಳನ್ನೂ ಬರೆದಿಟ್ಟ. ಆದರೆ ಫ್ರಾಯ್ಡ್ ಕಡೆಯವರು ಯಾವ ಮಾತು ಸಿಕ್ಕರೂ ತಕ್ಷಣ ಮನಸ್ಸಿನ ತಳಕ್ಕೆ ಇಳಿದುಬಿಡುತ್ತಾರೆ ಅನ್ನುವುದು ಈತನ ತಕರಾರು. ಮೇಲಕ್ಕೂ ತಳಕ್ಕೂ ನಡುವೆ ಒಂದು ಜಾಗ ಇದೆ, ಅರ್ಧ ಗೊತ್ತಿದ್ದು ಅರ್ಧ ಗೊತ್ತಿಲ್ಲದಂತೆ ನಾವು ನಟಿಸುವ ಜಾಗ, ಈತನ ಕಥೆಗಳೆಲ್ಲ ನಡೆಯುವುದು ಅಲ್ಲೇ.

ಫ್ರಾಯ್ಡ್ ಏನು ಹೇಳಿದರು ಅಂತೀರಾ? 1922ರ ಮೇ ತಿಂಗಳಲ್ಲಿ, ಶ್ನಿಟ್ಸ್ಲರ್ 60 ತುಂಬುವಾಗ ಬರೆದ ಕಾಗದದಲ್ಲಿ, ಇಷ್ಟು ವರ್ಷ ನಿಮ್ಮನ್ನು ಭೇಟಿಯಾಗದೆ ತಪ್ಪಿಸಿಕೊಂಡದ್ದು ನನ್ನದೇ ಪ್ರತಿರೂಪ ಎದುರಾದೀತು ಅನ್ನುವ ಅಂಜಿಕೆಯಿಂದ ಅಂತ ಒಪ್ಪಿಕೊಂಡರು. ತಾನು ಕಷ್ಟಪಟ್ಟು ಕಂಡುಕೊಂಡದ್ದು ಈತನಿಗೆ ಸಹಜವಾಗಿ ಗೊತ್ತಿದೆ ಅನ್ನುವ ಅರ್ಥದ ಮಾತೂ ಅದರಲ್ಲಿದೆ. ಇನ್ನೇನು ಬೇಕು?

*ಎಲ್ಲಿಂದ ಶುರು ಮಾಡಲಿ? ದಪ್ಪ ಪುಸ್ತಕ ನನ್ನ ಕೈಲಿ ಆಗಲ್ಲ.* (ತೀರ್ಥಹಳ್ಳಿಯ ಓದುಗರು)

'ಲೆಫ್ಟಿನೆಂಟ್ ಗುಸ್ಟ್ಲ್'. ಮಳೆ ಹಿಡಿದು ಕರೆಂಟು ಹೋದ ಒಂದು ಸಂಜೆಗೆ ಮುಗಿಯುತ್ತದೆ. 1900ರ ಕ್ರಿಸ್‌ಮಸ್ ದಿನ ವಿಯೆನ್ನಾದ ದಿನಪತ್ರಿಕೆಯಲ್ಲಿ ಬಂದ ಕಥೆ ಇದು. ಸಂಗೀತ ಕಛೇರಿ ಮುಗಿದು ಕೋಟು ಇಸಿದುಕೊಳ್ಳುವ ನೂಕುನುಗ್ಗಲಿನಲ್ಲಿ ಒಬ್ಬ ಬೇಕರಿಯವನು ಈ ಯುವ ಅಧಿಕಾರಿಯ ಕತ್ತಿಯ ಹಿಡಿ ಗಟ್ಟಿಯಾಗಿ ಹಿಡಿದು, ಮೆಲ್ಲಗೆ, 'ದಡ್ಡ ಹುಡುಗ' ಅಂತಾನೆ. ಬೇರೆ ಯಾರೂ ಕೇಳಿಸಿಕೊಂಡಿಲ್ಲ. ಬೇಕರಿಯವನ ಜೊತೆ ದ್ವಂದ್ವಯುದ್ಧಕ್ಕೆ ಇಳಿಯುವಂತಿಲ್ಲ, ಅಂತಸ್ತು ಸರಿಹೋಗುವುದಿಲ್ಲ. ಹಾಗಾದರೆ ಮಾನ ಉಳಿಯಬೇಕಾದರೆ ಬೆಳಿಗ್ಗೆ ಗುಂಡು ಹೊಡೆದುಕೊಂಡು ಸಾಯಬೇಕು. ರಾತ್ರಿಯಿಡೀ ಅವನ ತಲೆಯಲ್ಲಿ ಓಡುವ ಮಾತೇ ಕಥೆ, ಹೊರಗಿನಿಂದ ಲೇಖಕನ ಒಂದು ವಾಕ್ಯ ಕೂಡ ಇಲ್ಲ.

ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಿಮ್ಮ ಕಿವಿಗೆ ಮಾತ್ರ ಬೀಳುವ ಹಾಗೆ ಬೈದರು ಅಂತಿಟ್ಟುಕೊಳ್ಳಿ. ನಿದ್ದೆ ಬರುತ್ತದಾ? ಮರ್ಯಾದೆಗೆ ಸಾಕ್ಷಿಯೇ ಬೇಕಿಲ್ಲ, ಊರು ನಮ್ಮ ತಲೆಯೊಳಗೇ ಕೂತಿರುತ್ತದೆ. ಕೊನೆ ಏನಾಗುತ್ತದೆ ಅಂತ ಹೇಳುವುದಿಲ್ಲ, ಆದರೆ ಗುಸ್ಟ್ಲ್ ಏನೂ ಕಲಿಯುವುದಿಲ್ಲ ಅನ್ನುವುದನ್ನು ಹೇಳಬಹುದು. ಸೈನ್ಯದವರಿಗೆ ಕೋಪ ಬಂತು. 1901ರಲ್ಲಿ ಶ್ನಿಟ್ಸ್ಲರ್‌ನ ಮೀಸಲು ಸೈನ್ಯದ ಅಧಿಕಾರಿ ಪದವಿ ಕಿತ್ತುಕೊಂಡರು.

ಇದಾದ ಮೇಲೆ 'ಫ್ರಾಯ್ಲೈನ್ ಎಲ್ಸೆ', 1924ರದ್ದು. ಅದೇ ತಂತ್ರ, ಈ ಸಲ ಒಬ್ಬ ಹುಡುಗಿಯ ತಲೆ. ಅಪ್ಪ ಹಣ ತಿಂದು ಜೈಲಿಗೆ ಹೋಗುವ ಹಂತದಲ್ಲಿದ್ದಾನೆ, ಅಮ್ಮ ಮಗಳಿಗೆ ಕಾಗದ ಬರೆದು ಹೋಟೆಲಿನಲ್ಲಿರುವ ಒಬ್ಬ ಶ್ರೀಮಂತ ಮುದುಕನ ಹತ್ತಿರ ಸಾಲ ಕೇಳು ಅಂತಾಳೆ. ಅವನು ಒಂದು ಷರತ್ತು ಹಾಕುತ್ತಾನೆ, ಅವಳನ್ನು ಬೆತ್ತಲೆಯಾಗಿ ನೋಡಬೇಕಂತೆ. ನನಗೆ ಆ ಮುದುಕನಿಗಿಂತ ಜಾಸ್ತಿ ಅಸಹ್ಯ ಹುಟ್ಟಿಸುವುದು ಅಮ್ಮನ ಕಾಗದ. ಎಷ್ಟು ಪ್ರೀತಿ, ಎಷ್ಟು ಸಂಕೋಚ, ಎಷ್ಟು ನಯ! ಆ ಸಾಲಕ್ಕೆ ಮಗಳು ಏನು ತೆರಬೇಕಾದೀತು ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ.

*ಅವರ 'ರೈಗೆನ್' ನಾಟಕಕ್ಕೆ ಗಲಾಟೆ ಆಗಿತ್ತಂತೆ?* (ಹೆಗ್ಗೋಡಿನ ರಂಗಾಸಕ್ತರು)

ಆಗಿತ್ತು. ಹತ್ತು ದೃಶ್ಯ, ಪ್ರತಿಯೊಂದರಲ್ಲೂ ಒಂದು ಜೋಡಿ. ವೇಶ್ಯೆ ಮತ್ತು ಸೈನಿಕನಿಂದ ಶುರುವಾಗಿ ಕೈ ಬದಲಾಗುತ್ತಾ ಹೋಗಿ ಕೊನೆಗೆ ಕೌಂಟ್ ಬಿರುದಿನ ದೊಡ್ಡ ಮನೆತನದವನೊಬ್ಬ ಅದೇ ವೇಶ್ಯೆಯ ಮನೆಗೆ ಬರುತ್ತಾನೆ. ಮುಖ್ಯ ಕ್ರಿಯೆ ಬರುವ ಕಡೆ ಬರೀ ಗೀಟುಗಳು. ನಾಟಕ ಇರುವುದು ಅದಕ್ಕೆ ಮೊದಲಿನ ಸಿಹಿಮಾತು, ನಂತರದ ಆಕಳಿಕೆಯಲ್ಲಿ. 1921ರಲ್ಲಿ ವಿಯೆನ್ನಾದ ಪ್ರದರ್ಶನಕ್ಕೆ ಗುಂಪು ನುಗ್ಗಿತು, ಬರ್ಲಿನ್‌ನಲ್ಲಿ ತಂಡದ ಮೇಲೆ ಅಶ್ಲೀಲತೆಯ ಕೇಸು ನಡೆದು ಖುಲಾಸೆಯಾಯಿತು. ಗಲಾಟೆಯಲ್ಲಿ ನೀತಿಗಿಂತ ಯೆಹೂದಿ ದ್ವೇಷವೇ ಜಾಸ್ತಿ ಇತ್ತು, ಶ್ನಿಟ್ಸ್ಲರ್ ಯೆಹೂದಿ. ಬೇಸತ್ತು ಆತನೇ ಪ್ರದರ್ಶನ ನಿಲ್ಲಿಸಿದ. ಆ ತಡೆ ಅವನು ತೀರಿಕೊಂಡ ಮೇಲೂ 1981ರ ಕೊನೆಯವರೆಗೆ ಉಳಿಯಿತು.

*'ಸಂಸ್ಕಾರ' ಓದಿದವರಿಗೆ ಇವರಲ್ಲಿ ಹೊಸದೇನಿದೆ?* (ಕೊಪ್ಪದ ಉಪನ್ಯಾಸಕರು)

ಒಳ್ಳೆಯ ಪ್ರಶ್ನೆ, ಸ್ವಲ್ಪ ಕುಟುಕುವ ಪ್ರಶ್ನೆ ಕೂಡ. ಪ್ರಾಣೇಶಾಚಾರ್ಯರಿಗೆ ಕಾಡಿನಲ್ಲಿ ಚಂದ್ರಿ ಎದುರಾದ ರಾತ್ರಿ ಅವರ ಬದುಕನ್ನೇ ಎರಡು ಮಾಡುತ್ತದೆ. ಧರ್ಮ ಯಾವುದು, ನಾನು ಯಾರು ಅಂತ ಅವರು ಕೇಳಿಕೊಳ್ಳಲೇಬೇಕು. ಶ್ನಿಟ್ಸ್ಲರ್‌ನ ಜನಕ್ಕೆ ಆ ಭಾಗ್ಯ ಇಲ್ಲ. ಆಸೆ ಬರುತ್ತದೆ, ಹೋಗುತ್ತದೆ, ಮಾರನೇ ದಿನ ಕಾಫಿ ಕುಡಿಯುತ್ತಾರೆ. ಬದಲಾಗಬಹುದಿತ್ತು ಅಂತ ನಮಗೆ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ಇದನ್ನು ಕೆಲವರು ಸಣ್ಣತನ ಅಂತಾರೆ. ನನಗೆ ಇದೇ ಹೆಚ್ಚು ನಿಜ ಅನ್ನಿಸುತ್ತದೆ, ನೀವು ಒಪ್ಪದಿದ್ದರೆ ಬರೆಯಿರಿ.

*ದೊಡ್ಡ ಕಾದಂಬರಿ ಬರೆದೇ ಇಲ್ವಾ?* (ಹೊಸನಗರದ ಓದುಗರು)

ಎರಡಿವೆ. 1908ರದ್ದರಲ್ಲಿ ವಿಯೆನ್ನಾದ ಯೆಹೂದಿಗಳ ಒಳಗಿನ ಜಗಳ ಚೆನ್ನಾಗಿದೆ, ಪ್ರೇಮದ ಭಾಗ ಎಳೆಯುತ್ತದೆ. 1928ರ 'ತೆರೆಸೆ' ಮನೆಯಿಂದ ಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳುವ ಹೆಂಗಸಿನ ಕಥೆ. ಕೆಲಸ ಸಿಗುತ್ತದೆ, ಹೋಗುತ್ತದೆ, ಇನ್ನೊಂದು ಮನೆ, ಮತ್ತೆ ಅದೇ. ಓದುವವರಿಗೂ ಬೇಜಾರು ಬರುತ್ತದೆ, ಅದು ಬರಲಿ ಅಂತಲೇ ಬರೆದ ಹಾಗಿದೆ. ನನ್ನ ಕೇಳಿದರೆ ಇದನ್ನು ಕೊನೆಗೆ ಇಟ್ಟುಕೊಳ್ಳಿ.