ಓದುಗರ ಪ್ರಶ್ನೆ: ಸೆನೆಟ್ ಕೊಟ್ಟ ಸಮ್ಮತಿ, ಸೆನೆಟ್‌ಗೆ ಸಿಕ್ಕ ಭರವಸೆ

ಪ್ರಶ್ನೆ: ಲಸಿಕೆಗಳ ಬಗ್ಗೆ ವರ್ಷಗಟ್ಟಲೆ ಅನುಮಾನ ಬಿತ್ತಿದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರನ್ನು ಅಮೆರಿಕದ ಸೆನೆಟ್ ಆರೋಗ್ಯ ಕಾರ್ಯದರ್ಶಿಯಾಗಿ ಒಪ್ಪಿಕೊಂಡದ್ದು ಹೇಗೆ? ಸೆನೆಟರುಗಳಲ್ಲಿ ವೈದ್ಯರೂ ಇದ್ದರಲ್ಲವೆ?

ಉತ್ತರ: ಇದ್ದರು, ಕೊನೆಗೆ ವಿಷಯ ನಿಂತದ್ದೂ ಅವರಲ್ಲೊಬ್ಬರ ಮೇಲೆಯೇ. ಅಮೆರಿಕದ ಸಂವಿಧಾನದ ಪ್ರಕಾರ ಅಧ್ಯಕ್ಷರು ಸೂಚಿಸಿದ ಸಚಿವರು ಸೆನೆಟ್‌ನ ಸಲಹೆ ಮತ್ತು ಸಮ್ಮತಿ ಪಡೆಯಬೇಕು. 2024ರ ನವೆಂಬರಿನಲ್ಲಿ ಟ್ರಂಪ್ ಅವರು ಕೆನಡಿಯವರ ಹೆಸರು ಪ್ರಕಟಿಸಿದರು. 2025ರ ಜನವರಿ 29 ಮತ್ತು 30ರಂದು ಎರಡು ಸಮಿತಿಗಳು ಅವರನ್ನು ಪ್ರಶ್ನಿಸಿದವು. ಮತ ಹಾಕಬೇಕಿದ್ದದ್ದು ಹಣಕಾಸು ಸಮಿತಿ ಮಾತ್ರ. ಅಲ್ಲಿ ರಿಪಬ್ಲಿಕನ್ನರು 14, ಡೆಮಾಕ್ರಟರು 13 ಇದ್ದುದರಿಂದ ಆಳುವ ಪಕ್ಷದ ಒಂದೇ ಮತ ತಿರುಗಿದರೂ ಕೆನಡಿಯವರ ದಾರಿ ಕಠಿಣವಾಗುತ್ತಿತ್ತು.

ಆ ಒಂದು ಮತ ಲೂಸಿಯಾನಾದ ಬಿಲ್ ಕ್ಯಾಸಿಡಿಯವರದು. ಅವರು ಯಕೃತ್ತಿನ ರೋಗಗಳ ವೈದ್ಯರು. ಹೆಪಟೈಟಿಸ್ ಬಿ ಸೋಂಕಿನಿಂದ ಯಕೃತ್ತು ಕೈಕೊಟ್ಟ ಹದಿನೆಂಟರ ಹುಡುಗಿಯೊಬ್ಬಳನ್ನು ಹೆಲಿಕಾಪ್ಟರಿನಲ್ಲಿ ಕಸಿ ಶಸ್ತ್ರಚಿಕಿತ್ಸೆಗೆ ಕಳುಹಿಸಿದ ದಿನವನ್ನು ಅವರು ವಿಚಾರಣೆಯಲ್ಲಿ ನೆನೆದರು. 50 ಡಾಲರಿನ ಲಸಿಕೆ ಅದನ್ನು ತಪ್ಪಿಸಬಹುದಿತ್ತು ಎಂದರು. ಲಸಿಕೆಯಿಂದ ಆಟಿಸಂ ಬರುವುದಿಲ್ಲವೆಂದು ನಿಸ್ಸಂದಿಗ್ಧವಾಗಿ ಹೇಳುವಿರಾ ಎಂಬ ಅವರ ಪ್ರಶ್ನೆಗೆ ಕೆನಡಿಯವರು, ದತ್ತಾಂಶ ತೋರಿಸಿದರೆ ಹೇಳುತ್ತೇನೆ ಎಂಬರ್ಥದ ಉತ್ತರ ಕೊಟ್ಟರು. ದಶಕಗಳಿಂದ, ಹಲವು ದೇಶಗಳಲ್ಲಿ, ಲಕ್ಷಾಂತರ ಮಕ್ಕಳ ಮೇಲೆ ನಡೆದ ಅಧ್ಯಯನಗಳ ದತ್ತಾಂಶ ಆಗಲೇ ಎದುರಿಗಿತ್ತು. ನನ್ನ ದೃಷ್ಟಿಯಲ್ಲಿ ಆ ಉತ್ತರವೊಂದೇ ಅನರ್ಹತೆಗೆ ಸಾಕಾಗಿತ್ತು. ಆದರೂ ಫೆಬ್ರವರಿ 4ರಂದು ಕ್ಯಾಸಿಡಿಯವರು ಪರವಾಗಿ ಮತ ಹಾಕಿದರು. ಯಾರಿಗೆ ಯಾವ ಲಸಿಕೆ ಕೊಡಬೇಕೆಂದು ಸರ್ಕಾರಕ್ಕೆ ತಿಳಿಸುವ ಲಸಿಕಾ ಸಲಹಾ ಸಮಿತಿಯ ಶಿಫಾರಸುಗಳನ್ನು ಬದಲಾಯಿಸದೆ ಉಳಿಸಿಕೊಳ್ಳುವುದಾಗಿಯೂ, ಲಸಿಕೆ ಆಟಿಸಂಗೆ ಕಾರಣವಲ್ಲ ಎಂಬ ಹೇಳಿಕೆಯನ್ನು ರೋಗ ನಿಯಂತ್ರಣ ಕೇಂದ್ರದ ಜಾಲತಾಣದಿಂದ ತೆಗೆಯುವುದಿಲ್ಲವೆಂದೂ ತಮಗೆ ಭರವಸೆ ಸಿಕ್ಕಿದೆಯೆಂದು ಅವರು ಸದನದಲ್ಲಿ ವಿವರಿಸಿದರು. ಫೆಬ್ರವರಿ 13ರಂದು ಪೂರ್ಣ ಸೆನೆಟ್ 52–48 ಮತಗಳಿಂದ ಒಪ್ಪಿಗೆ ಕೊಟ್ಟಿತು. ವಿರೋಧಿಸಿದ ಏಕೈಕ ರಿಪಬ್ಲಿಕನ್, ಬಾಲ್ಯದಲ್ಲಿ ಪೋಲಿಯೊ ಅನುಭವಿಸಿದ ಮಿಚ್ ಮೆಕಾನೆಲ್.

ಕೆನಡಿಯವರ ಬೆಂಬಲಿಗರೆಲ್ಲರೂ ಲಸಿಕೆಯ ವಿರೋಧಿಗಳೆಂದು ತಿಳಿಯುವುದು ಅನ್ಯಾಯ. ಅತಿಸಂಸ್ಕರಿತ ಆಹಾರ, ಮಕ್ಕಳ ಬೊಜ್ಜು, ಔಷಧ ಕಂಪನಿಗಳ ಪ್ರಭಾವ ಇವೆಲ್ಲ ನಿಜವಾದ ಕಳವಳಗಳು. ಅವುಗಳಿಗೆ ದನಿ ಕೊಡಲು ಲಸಿಕೆಯ ಮೇಲಿನ ನಂಬಿಕೆಯನ್ನು ಕೆಡಿಸಿದ ವ್ಯಕ್ತಿಯೇ ಬೇಕಿತ್ತೇ ಎಂಬುದು ನನ್ನ ಆಕ್ಷೇಪ.

ಪ್ರಶ್ನೆ: ಮಂಡ್ಯ ಮೂಲದ ಡಾ. ವಿವೇಕ್ ಮೂರ್ತಿಯವರನ್ನೂ ಸೆನೆಟ್ ಸುಲಭವಾಗಿ ಒಪ್ಪಲಿಲ್ಲವಲ್ಲ. ಎರಡೂ ಕಡೆಯವರು ಮಾಡುವುದು ಒಂದೇ ರಾಜಕೀಯವಲ್ಲವೆ?

ಉತ್ತರ: ರಾಜಕೀಯ ಎರಡರಲ್ಲೂ ಇತ್ತು, ಆಕ್ಷೇಪದ ಸ್ವರೂಪ ಬೇರೆಯಾಗಿತ್ತು. ಒಬಾಮಾ ಅವರು 2013ರ ನವೆಂಬರಿನಲ್ಲಿ ಮೂರ್ತಿಯವರನ್ನು ಸರ್ಜನ್ ಜನರಲ್ ಹುದ್ದೆಗೆ, ಅಂದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಜನರಿಗೆ ತಿಳಿಹೇಳುವ ವೈದ್ಯರ ಹುದ್ದೆಗೆ, ಹೆಸರಿಸಿದರು. ಬಂದೂಕಿನ ಹಿಂಸೆ ಆರೋಗ್ಯದ ವಿಷಯ ಎಂದು ಅವರು ಹಿಂದೆ ಟ್ವೀಟ್ ಮಾಡಿದ್ದನ್ನು ಹಿಡಿದು ಬಂದೂಕು ಹಕ್ಕಿನ ಪರ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ವಿರೋಧಿಸಿತು. ಚುನಾವಣೆಯ ಭಯದಿಂದ ಕೆಲವು ಡೆಮಾಕ್ರಟರೂ ಹಿಂಜರಿದರು. ಒಂದು ವರ್ಷಕ್ಕೂ ಮಿಕ್ಕಿ ಕಾದ ಮೇಲೆ, 2014ರ ಡಿಸೆಂಬರ್ 15ರಂದು 51–43 ಮತಗಳಿಂದ ಅವರಿಗೆ ಸಮ್ಮತಿ ದೊರೆಯಿತು. ಗುಂಡೇಟಿನ ಸಾವುನೋವು ವೈದ್ಯರು ಆಸ್ಪತ್ರೆಯಲ್ಲಿ ಕಣ್ಣಾರೆ ಕಾಣುವ ಸಂಗತಿ. ಅದನ್ನು ಹೇಳಿದ್ದಕ್ಕೆ ತಡೆಯೊಡ್ಡುವುದೂ, ಸಿದ್ಧಪಟ್ಟ ಸಾಕ್ಷ್ಯವನ್ನು ನಿರಾಕರಿಸಿದ್ದಕ್ಕೆ ತಡೆಯೊಡ್ಡುವುದೂ ಸಮವಾಗಲಾರವು.

ಪ್ರಶ್ನೆ: ಕ್ಯಾಸಿಡಿಯವರಿಗೆ ಕೊಟ್ಟ ಭರವಸೆಗಳು ಉಳಿದವೇ?

ಉತ್ತರ: ಹೆಚ್ಚಿನವು ಉಳಿಯಲಿಲ್ಲ. 2025ರ ಜೂನ್ 9ರಂದು ಕೆನಡಿಯವರು ಲಸಿಕಾ ಸಲಹಾ ಸಮಿತಿಯ 17 ಸದಸ್ಯರನ್ನೂ ಒಟ್ಟಿಗೆ ತೆಗೆದುಹಾಕಿ, ತಾವೇ ಆರಿಸಿದವರನ್ನು ನೇಮಿಸಿದರು. ನವೆಂಬರಿನಲ್ಲಿ ಜಾಲತಾಣದ ಪುಟ ಬದಲಾಯಿತು: 'ಲಸಿಕೆಗಳು ಆಟಿಸಂಗೆ ಕಾರಣವಲ್ಲ' ಎಂಬ ಶೀರ್ಷಿಕೆ ನಕ್ಷತ್ರ ಚಿಹ್ನೆಯೊಂದಿಗೆ ಉಳಿಯಿತು, ಅದರ ಕೆಳಗಿನ ಬರಹ ಆ ಮಾತಿಗೆ ಆಧಾರವಿಲ್ಲವೆಂದು ಹೇಳತೊಡಗಿತು. ಸೆನೆಟ್ ಆರೋಗ್ಯ ಸಮಿತಿಯ ಅಧ್ಯಕ್ಷರೊಂದಿಗಿನ ಒಪ್ಪಂದದ ಕಾರಣ ಶೀರ್ಷಿಕೆ ಉಳಿದಿದೆ ಎಂಬ ಟಿಪ್ಪಣಿಯೂ ಅಲ್ಲಿತ್ತು; ಆ ಅಧ್ಯಕ್ಷರು ಕ್ಯಾಸಿಡಿಯವರೇ. ಡಿಸೆಂಬರಿನಲ್ಲಿ ಹೊಸ ಸಮಿತಿಯು ಎಲ್ಲ ನವಜಾತ ಶಿಶುಗಳಿಗೂ ಹೆಪಟೈಟಿಸ್ ಬಿ ಲಸಿಕೆ ಎಂಬ ಹಳೆಯ ಶಿಫಾರಸನ್ನು ಕೈಬಿಡಲು 8–3 ಮತಗಳಿಂದ ತೀರ್ಮಾನಿಸಿತು. ಕ್ಯಾಸಿಡಿಯವರು ವಿಚಾರಣೆಯಲ್ಲಿ ನೆನೆದ ಹುಡುಗಿಗೆ ಬಂದಿದ್ದ ಸೋಂಕೇ ಇದು.

ಸಮ್ಮತಿಯ ಮತ ಒಮ್ಮೆ ಬಿದ್ದರೆ ಹಿಂದಕ್ಕೆ ಬರುವುದಿಲ್ಲ. ಖಾಸಗಿಯಾಗಿ ಕೊಟ್ಟ ಮಾತಿಗೆ ಕಾನೂನಿನ ಬಲವಿಲ್ಲ. ಆ ಷರತ್ತುಗಳನ್ನು ಮತದಾನಕ್ಕೆ ಮೊದಲೇ ಶಾಸನದಲ್ಲಿ ಬರೆಸಬೇಕಿತ್ತು. ಸೆನೆಟ್‌ನ ಕೈಯಲ್ಲಿ ಈಗ ಉಳಿದಿರುವುದು ಅನುದಾನ, ಶಾಸನ ಮತ್ತು ವಿಚಾರಣೆ. ರೋಗ ನಿಯಂತ್ರಣ ಕೇಂದ್ರದ ನಿರ್ದೇಶಕರಾಗಿ ಸೆನೆಟ್ ಒಪ್ಪಿದ್ದ ಸೂಸನ್ ಮೊನಾರೆಜ್ ಅವರು ತಿಂಗಳೊಪ್ಪತ್ತಿನಲ್ಲೇ ವಜಾಗೊಂಡಾಗ, ಕ್ಯಾಸಿಡಿಯವರ ಸಮಿತಿ 2025ರ ಸೆಪ್ಟೆಂಬರಿನಲ್ಲಿ ಅವರನ್ನು ಕರೆಸಿತು. ಸಾಕ್ಷ್ಯ ನೋಡದೆಯೇ ಸಲಹಾ ಸಮಿತಿಯ ಶಿಫಾರಸುಗಳಿಗೆಲ್ಲ ಮುಂಗಡ ಒಪ್ಪಿಗೆ ಕೊಡಬೇಕೆಂದು ತಮ್ಮನ್ನು ಒತ್ತಾಯಿಸಲಾಯಿತೆಂದು ಅವರು ಅಲ್ಲಿ ಹೇಳಿದರು. ಕೆನಡಿಯವರು ಅದನ್ನು ಅಲ್ಲಗಳೆದಿದ್ದಾರೆ.